ಕೊಳದ ಏಣಿ ಹಿಡಿದರೆ ಜುಮ್ಮೆನ್ನುವುದೇಕೆ?

ಈಜು ಮುಗಿಸಿ ಮೇಲೆ ಬರುತ್ತಿದ್ದೀರಿ. ಒಂದು ಕೈ ಸ್ಟೀಲ್ ಏಣಿಯ ಮೇಲಿದೆ, ಒಂದು ಕಾಲು ಅಂಚಿನ ಒದ್ದೆ ಕಾಂಕ್ರೀಟಿನ ಮೇಲಿದೆ. ಬೆರಳುಗಳಲ್ಲಿ ಸಣ್ಣಗೆ ಜುಮ್ ಅನ್ನುತ್ತದೆ. ನೀರಿನೊಳಗೆ ಮುಳುಗಿದ್ದಾಗ ಏನೂ ಆಗಿರಲಿಲ್ಲ. ಏಣಿ ಬಿಟ್ಟು ದೂರ ಬಂದ ಮೇಲೂ ಏನಿಲ್ಲ. ಕೈ ಅಲ್ಲಿ, ಕಾಲು ಇಲ್ಲಿ ಇದ್ದ ಆ ಒಂದು ಗಳಿಗೆಯಲ್ಲಿ ಮಾತ್ರ. ಎಲೆಕ್ಟ್ರಿಷಿಯನ್ ಬಂದು ಪಂಪ್ ಬಿಚ್ಚಿ ನೋಡುತ್ತಾನೆ, ‘ಅರ್ಥಿಂಗ್ ಎಲ್ಲಾ ಸರಿ ಇದೆ’ ಅನ್ನುತ್ತಾನೆ. ಅನುಮಾನ ತೀರದೆ ಮನೆಯ ಮೇನ್ ಸ್ವಿಚ್ಚನ್ನೇ ಆರಿಸಿ ಮೀಟರ್ ಹಿಡಿದರೆ, ಏಣಿಗೂ ನೆಲಕ್ಕೂ ನಡುವೆ 6 ವೋಲ್ಟ್ ಹಾಗೇ ನಿಂತಿದೆ. ಮನೆಯಲ್ಲಿ ಕರೆಂಟೇ ಇಲ್ಲ, ಕೊಳದಲ್ಲಿ ಇದೆ!

ದೆವ್ವದ ಕಥೆಯಂತೆ ಕೇಳಿಸುವ ಈ ಒಗಟು ಅಪರೂಪದ್ದೇನಲ್ಲ. ಇದನ್ನು ಬಿಡಿಸಿದರೆ ಈಜುಕೊಳದ ವಿದ್ಯುತ್ ಸುರಕ್ಷತೆಯ ಮುಕ್ಕಾಲು ಪಾಲು ಅರ್ಥವಾದಂತೆ. ಉತ್ತರ ಇರುವುದು ಬಾಂಡಿಂಗ್ ಎಂಬ ಕೆಲಸದಲ್ಲಿ, ಅಂದರೆ ಕೈಕಾಲಿಗೆ ತಾಗುವುದನ್ನೆಲ್ಲ ತಾಮ್ರದಿಂದ ಒಂದಕ್ಕೊಂದು ಬೆಸೆಯುವುದರಲ್ಲಿ. ಅರ್ಥಿಂಗ್ ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ. ಬಾಂಡಿಂಗ್ ಎಂದರೆ ‘ಎರಡೂ ಒಂದೇ ಅಲ್ಲವಾ?’ ಎಂದು ಕೇಳುತ್ತಾರೆ. ತಾಮ್ರದ ತಂತಿ ಎರಡರಲ್ಲೂ ಇರುವುದರಿಂದ ಈ ಗೊಂದಲ ಸಹಜ. ಆದರೆ ಎರಡು ತಂತಿಗಳಿಗೆ ಕೊಟ್ಟಿರುವ ಕೆಲಸ ಬೇರೆ ಬೇರೆ.

ಎತ್ತರಕ್ಕೆ ಹೆದರಬೇಡಿ, ತಗ್ಗಿಗೆ ಹೆದರಿ

ವೋಲ್ಟೇಜನ್ನು ಎತ್ತರ ಎಂದುಕೊಳ್ಳಿ. ಬೆಟ್ಟದ ನೆತ್ತಿಯಲ್ಲಿರುವ ಮನೆಯ ಅಂಗಳ ಸಮತಟ್ಟಾಗಿದ್ದರೆ ಈಗಷ್ಟೇ ನಡೆಯಲು ಕಲಿತ ಮಗುವೂ ಅಲ್ಲಿ ಓಡಾಡಬಹುದು. ಬಯಲಿನ ಮನೆಯೇ ಆದರೂ ಹೊಸ್ತಿಲಾಚೆ ಕಣ್ಣಿಗೆ ಬೀಳದ ಒಂದಡಿ ತಗ್ಗಿದ್ದರೆ ದೊಡ್ಡವರೂ ಮುಗ್ಗರಿಸುತ್ತಾರೆ. ಸಮುದ್ರಮಟ್ಟದಿಂದ ಎಷ್ಟು ಮೇಲಿದ್ದೇವೆ ಎನ್ನುವುದು ಕಾಲಿಗೆ ಗೊತ್ತಾಗುವುದಿಲ್ಲ. ಒಂದು ಹೆಜ್ಜೆಗೂ ಮುಂದಿನ ಹೆಜ್ಜೆಗೂ ಇರುವ ವ್ಯತ್ಯಾಸ ಗೊತ್ತಾಗುತ್ತದೆ. ಶಾಲೆಯಲ್ಲಿ ನಾವು ಬಾಯಿಪಾಠ ಮಾಡಿದ ‘ವಿಭವಾಂತರ’ ಇದೇ. ದೇಹದ ಎರಡು ಭಾಗಗಳು ಬೇರೆ ಬೇರೆ ವೋಲ್ಟೇಜಿನ ಎರಡು ವಸ್ತುಗಳನ್ನು ಮುಟ್ಟಿದಾಗಲೇ ಮೈಯೊಳಗೆ ಕರೆಂಟು ಹರಿಯುವುದು.

6 ವೋಲ್ಟ್ ಏನು ಮಹಾ, ಟಾರ್ಚಿನ ಸೆಲ್ಲುಗಳಷ್ಟೇ ತಾನೇ ಅನ್ನಿಸಬಹುದು. ಒಣ ಕೈಗೆ ಅದು ಏನೂ ಅಲ್ಲ. ಒಣ ಚರ್ಮದ ರೋಧ ಹತ್ತಾರು ಸಾವಿರ ಓಮ್ ಇರಬಲ್ಲದು. ಗಂಟೆಗಟ್ಟಲೆ ನೀರಲ್ಲಿ ನೆಂದ ಮೈಯಲ್ಲಿ ಅದು ಸುಮಾರು 1000 ಓಮ್‌ಗೆ, ಕೆಲವೊಮ್ಮೆ ಅದಕ್ಕಿಂತಲೂ ಕೆಳಗೆ ಇಳಿಯುತ್ತದೆ. 6 ವೋಲ್ಟನ್ನು 1000 ಓಮ್‌ನಿಂದ ಭಾಗಿಸಿ: 6 ಮಿಲಿಆಂಪಿಯರ್. ಸುಮಾರು 1 ಮಿಲಿಆಂಪಿಯರ್ ಹರಿದರೇ ಮನುಷ್ಯನಿಗೆ ಗೊತ್ತಾಗುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನಲ್ಲಿ ಪ್ರೊಫೆಸರ್ ಆಗಿದ್ದ ಚಾರ್ಲ್ಸ್ ಡಾಲ್ಜೀಲ್, ತಾವಾಗಿ ಮುಂದೆ ಬಂದವರ ಕೈಗೆ ತಂತಿ ಕೊಟ್ಟು, ಎಷ್ಟು ಕರೆಂಟಿನವರೆಗೆ ಅವರು ಹಿಡಿತ ಬಿಡಬಲ್ಲರು ಎಂದು ಅಳೆದರು. ಸರಾಸರಿ ಗಂಡಸರಲ್ಲಿ 16, ಹೆಂಗಸರಲ್ಲಿ 10.5 ಮಿಲಿಆಂಪಿಯರ್ ಬಂತು. ಅದನ್ನು ದಾಟಿದರೆ ಸ್ನಾಯುಗಳು ಬಿಗಿದುಕೊಳ್ಳುತ್ತವೆ, ಬಿಡಬೇಕೆಂದರೂ ಕೈ ಬಿಡುವುದಿಲ್ಲ. ಸರಾಸರಿ ಎಂದ ಮೇಲೆ ಅದಕ್ಕಿಂತ ಬೇಗ ಸಿಕ್ಕಿಬೀಳುವವರೂ ಇರುತ್ತಾರೆ. ಹಾಗಾಗಿ ಕೊಳದಲ್ಲಿ ‘ಬರೀ ಜುಮ್ ಅನ್ನುತ್ತೆ ಅಷ್ಟೇ’ ಎಂಬ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ.

ಬೇಲಿಯೇ ಹೊಲ ಮೇಯ್ದರೆ

ಮೇನ್ ಆರಿಸಿದರೂ ಉಳಿದ ಆ 6 ವೋಲ್ಟ್ ಎಲ್ಲಿಂದ ಬಂತು?

ನ್ಯೂಟ್ರಲ್ ತಂತಿ ಎಂದರೆ ಶೂನ್ಯ ವೋಲ್ಟ್ ಎಂದು ನಂಬಿರುತ್ತೇವೆ. ಟ್ರಾನ್ಸ್‌ಫಾರ್ಮರಿನ ಬುಡದಲ್ಲಿ ಅದು ನಿಜ. ಆದರೆ ಮನೆಗಳು ಬಳಸಿದ ಕರೆಂಟು ಹಿಂತಿರುಗುವುದು ಅದೇ ತಂತಿಯಲ್ಲಿ, ಆ ತಂತಿಗೂ ಒಂದಿಷ್ಟು ರೋಧ ಇದೆ. 0.2 ಓಮ್ ರೋಧದ ನ್ಯೂಟ್ರಲ್‌ನಲ್ಲಿ 30 ಆಂಪಿಯರ್ ವಾಪಸು ಹರಿಯುತ್ತಿದ್ದರೆ, ಅದರ ಈಚೆ ತುದಿ 6 ವೋಲ್ಟ್ ಮೇಲಕ್ಕೆ ಏರಿರುತ್ತದೆ. ನ್ಯೂಟ್ರಲನ್ನೂ ಅರ್ಥ್ ತಂತಿಯನ್ನೂ ಒಂದು ಕಡೆ ಜೋಡಿಸುವ ಪದ್ಧತಿ ಎಷ್ಟೋ ದೇಶಗಳಲ್ಲಿದೆ. ಅಂಥ ಕಡೆ ನ್ಯೂಟ್ರಲ್ ಏರಿದರೆ ಅರ್ಥ್ ತಂತಿಯೂ ಏರುತ್ತದೆ. ಅರ್ಥ್ ತಂತಿಗೆ ಕಟ್ಟಿದ ಪಂಪಿನ ಮೈ ಏರುತ್ತದೆ. ಅದಕ್ಕೆ ಸೇರಿದ ಏಣಿಯೂ ಏರುತ್ತದೆ. ನಿಮ್ಮ ಪಾದದ ಕೆಳಗಿನ ಮಣ್ಣು ಮಾತ್ರ ಇದ್ದಲ್ಲೇ ಇರುತ್ತದೆ. ಮೇನ್ ಸ್ವಿಚ್ ಮನೆಗೆ ಕರೆಂಟು ತರುವ ಫೇಸ್ ತಂತಿಯನ್ನು ಕತ್ತರಿಸುತ್ತದೆ, ಅರ್ಥ್ ತಂತಿಯನ್ನಲ್ಲ. ಅದೇ ಲೈನಿನಲ್ಲಿರುವ ಬೇರೆ ಮನೆಗಳ ಕರೆಂಟು ನ್ಯೂಟ್ರಲ್‌ನಲ್ಲಿ ಹರಿಯುತ್ತಲೇ ಇರುತ್ತದೆ. ಕಾಪಾಡಲೆಂದು ಹಾಕಿದ ಅರ್ಥ್ ತಂತಿಯೇ ವೋಲ್ಟೇಜನ್ನು ಹೊತ್ತು ತಂದು ಕೊಳದ ಬಾಯಿಗೆ ಇಟ್ಟಿತು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ಹಾಗಾದರೆ ಅರ್ಥಿಂಗ್ ಕಿತ್ತುಹಾಕೋಣವೇ? ಖಂಡಿತ ಬೇಡ. ಪಂಪಿನೊಳಗೆ ಫೇಸ್ ತಂತಿ ಕಳಚಿ ಮೈಗೆ ತಾಗಿದರೆ, ಆ ಕರೆಂಟನ್ನು ಸಲೀಸಾಗಿ ಮೂಲಕ್ಕೆ ವಾಪಸು ಕಳಿಸಿ ಬ್ರೇಕರ್ ಬೀಳುವಂತೆ ಮಾಡುವುದು ಅರ್ಥ್ ತಂತಿಯೇ. ಗಮನಿಸಿ, ತಂತಿ, ಮಣ್ಣಲ್ಲ. ಕೊಳದ ಪಕ್ಕ ಇನ್ನೊಂದು ಅರ್ಥ್ ರಾಡ್ ಹೊಡೆದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಲೆಕ್ಕ ಹಾಕಿ ನೋಡಿ: ರಾಡಿನ ರೋಧ 25 ಓಮ್ ಎಂದುಕೊಂಡರೆ, 230 ವೋಲ್ಟಿಗೆ ಅದರಲ್ಲಿ ಹರಿಯುವುದು 9.2 ಆಂಪಿಯರ್. 16 ಆಂಪಿಯರಿನ ಬ್ರೇಕರ್ (ಎಂಸಿಬಿ) ಅದನ್ನು ಮಾಮೂಲಿ ಲೋಡ್ ಎಂದುಕೊಂಡು ಸುಮ್ಮನಿರುತ್ತದೆ. ಪಂಪಿನ ಮೈ ಮಾತ್ರ ಕಾಯುತ್ತಿರುತ್ತದೆ, ಯಾರಾದರೂ ಮುಟ್ಟಲಿ ಎಂದು. ಮೊದಲಿನ 6 ವೋಲ್ಟಿಗೂ ಈ ರಾಡ್ ಮದ್ದಲ್ಲ. ಅಂಚಿನ ನೆಲವನ್ನು ಅದು ಏಣಿಯ ಮಟ್ಟಕ್ಕೆ ತರಲಾರದು.

ಅರ್ಥ್ ತಂತಿ ಸರಿಯಾಗಿದ್ದಾಗಲೂ ಒಂದು ಸಣ್ಣ ಕಂಡಿ ಉಳಿಯುತ್ತದೆ. ಫೇಸ್ ಮತ್ತು ಅರ್ಥ್ ತಂತಿಗಳು ಒಂದೇ ಗಾತ್ರದವಾಗಿದ್ದರೆ, ಬ್ರೇಕರ್ ಬೀಳುವ ಮುಂಚಿನ ಕ್ಷಣಾರ್ಧದಲ್ಲಿ ಪಂಪಿನ ಮೈ ಹೆಚ್ಚುಕಡಿಮೆ 115 ವೋಲ್ಟಿಗೆ ಏರಿರುತ್ತದೆ. ಒಣ ನೆಲದಲ್ಲಿ ಚಪ್ಪಲಿ ಹಾಕಿ ನಿಂತವನು ಇದರಿಂದ ಪಾರಾಗಬಹುದು. ಬರಿಮೈಯಲ್ಲಿ, ಬರಿಗಾಲಿನಲ್ಲಿ, ನೀರಲ್ಲಿ ನಿಂತವನ ಮಾತು ಬೇರೆ.

ಎಲ್ಲವನ್ನೂ ಒಂದೇ ಮಟ್ಟಕ್ಕೆ

ಬಾಂಡಿಂಗ್ ಇಲ್ಲಿ ವೋಲ್ಟೇಜಿನ ಜೊತೆ ಜಗಳಕ್ಕೆ ಹೋಗುವುದಿಲ್ಲ. ಬರುವುದಾದರೆ ಬರಲಿ, ಎಲ್ಲದಕ್ಕೂ ಒಟ್ಟಿಗೆ ಬರಲಿ ಎನ್ನುತ್ತದೆ. ಕೈಗೆ, ಕಾಲಿಗೆ, ಮೈಗೆ ತಾಗಬಹುದಾದ ಪ್ರತಿಯೊಂದನ್ನೂ ತಾಮ್ರದಿಂದ ಪರಸ್ಪರ ಬೆಸೆದುಬಿಟ್ಟರೆ, ಏಣಿ 6 ವೋಲ್ಟಿಗೆ ಏರಿದಾಗ ನೀರೂ 6, ನೆಲವೂ 6. ಮೈಯ ಎರಡು ತುದಿಗಳ ನಡುವೆ ಉಳಿಯುವುದು ಸೊನ್ನೆ. ಬೆಟ್ಟದ ಮೇಲೆ ಅಂಗಳವನ್ನು ಸಮತಟ್ಟು ಮಾಡಿದಂತೆ. ಇದರಲ್ಲಿರುವ ತಮಾಷೆ ಏನೆಂದರೆ, ನೆಲಕ್ಕೆ ಇಲ್ಲದ ವೋಲ್ಟೇಜನ್ನು ನಾವೇ ನೆಲಕ್ಕೆ ತಂದುಕೊಟ್ಟು ಸಮಸ್ಯೆ ಬಗೆಹರಿಸುತ್ತಿದ್ದೇವೆ. ಹೊಸದಾಗಿ ಕಲಿಯುವ ಎಲೆಕ್ಟ್ರಿಷಿಯನ್‌ಗೂ ಇದು ಮೊದಲು ತಲೆಗೆ ಹತ್ತುವುದಿಲ್ಲ.

ಈ ವಿಷಯವನ್ನು ತುಂಬಾ ವಿವರವಾಗಿ ಬರೆದಿಟ್ಟಿರುವುದು ಅಮೆರಿಕದ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್‌ನ 680ನೇ ಅಧ್ಯಾಯ. ಬೇರೆ ದೇಶಗಳವರಿಗೆ ಅದು ಕಾನೂನಲ್ಲ. ಆದರೂ ಏನೇನನ್ನು ಬೆಸೆಯಬೇಕು ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ಪಟ್ಟಿ ನಾನು ಕಂಡಿಲ್ಲ. ಕೊಳದ ಗೋಡೆಯೊಳಗಿನ ಕಬ್ಬಿಣದ ಸರಳುಗಳು, ಏಣಿ ಮತ್ತು ಹಿಡಿಕಂಬಿಗಳು, ಅವುಗಳನ್ನು ನೆಲದಲ್ಲಿ ಕೂರಿಸುವ ಲೋಹದ ಬಟ್ಟಲುಗಳು, ಡೈವಿಂಗ್ ಹಲಗೆಯ ಕಾಲು, ನೀರೊಳಗಿನ ದೀಪದ ಲೋಹದ ಗೂಡು, ಪಂಪು, ಹೀಟರು, ಕೊಳದ ಅಂಚಿನಿಂದ 5 ಅಡಿಯೊಳಗಿರುವ ಲೋಹದ ಬೇಲಿ, ಕಿಟಕಿ ಚೌಕಟ್ಟು, ಪೈಪು. ಇವನ್ನೆಲ್ಲ ಬೆಸೆಯುವ ತಂತಿ ಕನಿಷ್ಠ 8 ಗೇಜಿನ, ಅಂದರೆ ಸುಮಾರು 8.4 ಚದರ ಮಿಲಿಮೀಟರ್ ಅಡ್ಡಕೊಯ್ತದ, ಒಂಟಿ ಎಳೆಯ ಗಟ್ಟಿ ತಾಮ್ರ. ಹಲವು ಎಳೆ ಹೊಸೆದ ತಂತಿಗೆ ಅಲ್ಲಿ ಅವಕಾಶವಿಲ್ಲ. ಮಣ್ಣಿನ ತೇವದಲ್ಲಿ ಸಣ್ಣ ಎಳೆಗಳು ಬೇಗ ತಿಂದುಹೋಗುತ್ತವೆ. ಪ್ಲಾಸ್ಟಿಕ್ ಏಣಿಗೆ ಇದ್ಯಾವ ಗೋಜೂ ಇಲ್ಲ.

ಎಲ್ಲರೂ ಮರೆಯುವುದು ಕಾಲ ಕೆಳಗಿನ ನೆಲವನ್ನು. ಕಾಂಕ್ರೀಟನ್ನು ಕಲ್ಲಿನಂತೆ ನಿರೋಧಕ ಎಂದು ಭಾವಿಸುತ್ತೇವೆ. ತೇವ ಹೀರಿಕೊಂಡ ಕಾಂಕ್ರೀಟು ಕರೆಂಟನ್ನು ಚೆನ್ನಾಗಿಯೇ ಹರಿಯಬಿಡುತ್ತದೆ. ಆರಂಭದಲ್ಲಿ ಹೇಳಿದ ಏಣಿಯ ಕಥೆಯಲ್ಲಿ ತಪ್ಪಿಹೋಗಿದ್ದ ಕೊಂಡಿಯೂ ಇದೇ. ಕೊಳದ ಒಳಗೋಡೆಯಿಂದ 3 ಅಡಿಯವರೆಗಿನ ನೆಲವನ್ನು ಬೆಸುಗೆಗೆ ಸೇರಿಸಬೇಕು. ಕಾಂಕ್ರೀಟಿನೊಳಗೆ ಬರಿಯ ಕಬ್ಬಿಣದ ಸರಳುಗಳಿದ್ದರೆ ಅವನ್ನೇ ಬಳಸಬಹುದು. ಇಲ್ಲದಿದ್ದರೆ ತಾಮ್ರದ ಜಾಲರಿ ಹಾಸಬೇಕು, ಅಥವಾ ಒಂದು ತಾಮ್ರದ ತಂತಿಯನ್ನು ಗೋಡೆಯಿಂದ 18ರಿಂದ 24 ಇಂಚು ಆಚೆ, ನೆಲದಡಿಯ ಮಣ್ಣಿನಲ್ಲಿ 4ರಿಂದ 6 ಇಂಚು ಆಳಕ್ಕೆ, ಕೊಳದ ಸುತ್ತ ಉಂಗುರದಂತೆ ಹೂಳಬೇಕು. ಈ ನೆಲಕ್ಕೂ ಕೊಳದ ಸರಳುಗಳಿಗೂ ಕನಿಷ್ಠ ನಾಲ್ಕು ಕಡೆ, ಸುತ್ತಲೂ ಸಮನಾದ ಅಂತರದಲ್ಲಿ ಜೋಡಣೆ ಇರಬೇಕು. ನನ್ನನ್ನು ಕೇಳಿದರೆ ಜಾಲರಿಯೇ ಮೇಲು: ಒಂಟಿ ತಂತಿಯ ನೆತ್ತಿಯ ಮೇಲಿನ ನೆಲ ಮಾತ್ರ ತಂತಿಯ ಮಟ್ಟಕ್ಕೆ ಹತ್ತಿರ ಬರುತ್ತದೆ, ಆಚೀಚೆ ಸರಿದಂತೆ ವ್ಯತ್ಯಾಸ ತಲೆಯೆತ್ತುತ್ತದೆ. ಕಾಂಕ್ರೀಟ್ ಸುರಿಯುವ ಮುಂಚೆ ಜಾಲರಿ ಹಾಸುವುದು ದೊಡ್ಡ ಕೆಲಸವೇನಲ್ಲ. ಸುರಿದ ಮೇಲೆ ನೆನಪಾದರೆ ನೆಲ ಒಡೆಯಬೇಕು.

ಜಾಲರಿ ಮುಗಿಯುವ ಕಡೆ ತಗ್ಗು ಶುರುವಾಗುವುದಿಲ್ಲವೇ ಎಂದು ಚುರುಕಿನ ಓದುಗರು ಕೇಳಬಹುದು. ಆಗುತ್ತದೆ. ಆದರೆ ಅಲ್ಲಿ ನಿಂತವನ ಕೈಗೆ ಏಣಿಯೂ ಎಟುಕುವುದಿಲ್ಲ, ನೀರೂ ಎಟುಕುವುದಿಲ್ಲ. ವ್ಯತ್ಯಾಸ ಎರಡು ಪಾದಗಳ ನಡುವಿನ ಹೆಜ್ಜೆಯಷ್ಟಕ್ಕೆ ಸೀಮಿತ.

ಇನ್ನು ನೀರು. ಕಾಂಕ್ರೀಟ್ ಕೊಳದಲ್ಲಿ ನೀರಿಗೂ ಗೋಡೆಗೂ ತಾನಾಗಿ ಸಂಪರ್ಕವಿರುತ್ತದೆ. ಫೈಬರ್‌ಗ್ಲಾಸ್ ತೊಟ್ಟಿಯಲ್ಲಿ, ವಿನೈಲ್ ಹಾಳೆ ಹಾಸಿದ ಕೊಳದಲ್ಲಿ ನೀರು ಪ್ಲಾಸ್ಟಿಕ್ ಬಟ್ಟಲಿನಲ್ಲಿಟ್ಟ ಹಾಗೆ ಒಂಟಿಯಾಗಿಬಿಡುತ್ತದೆ, ಪೈಪುಗಳೂ ಪ್ಲಾಸ್ಟಿಕ್ಕೇ. ಅಂಥಲ್ಲಿ ಕನಿಷ್ಠ 9 ಚದರ ಇಂಚು ಮೇಲ್ಮೈಯ ಲೋಹದ ತುಂಡೊಂದು ಸದಾ ನೀರನ್ನು ಮುಟ್ಟಿರುವಂತೆ ಇಟ್ಟು ಬೆಸುಗೆಗೆ ಸೇರಿಸಬೇಕು. ಬೆಸೆದ ಲೋಹದ ಏಣಿಯೊಂದು ನೀರಿಗಿಳಿದಿದ್ದರೆ ಆ ಕೆಲಸವನ್ನು ಅದೇ ಮಾಡಿಬಿಡುತ್ತದೆ.

ತಂತಿಯನ್ನು ಬಿಗಿದು ಜೋಡಿಸುವ, ಮಣ್ಣಿನೊಳಗಿನ ಹಿಡಿಕೆಗಳು (ಕ್ಲ್ಯಾಂಪ್) ತಾಮ್ರ, ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲಿನವೇ ಆಗಿರಬೇಕು, ಹೂಳಲು ತಕ್ಕವೆಂದು ಪ್ರಮಾಣಿತವಾಗಿರಬೇಕು. ಬೇರೆ ಬೇರೆ ಲೋಹಗಳನ್ನು ತಂತಿಯಿಂದ ಜೋಡಿಸಿ ಒಂದೇ ನೀರಿನಲ್ಲಿ ಅದ್ದಿದರೆ ಅದೊಂದು ಬ್ಯಾಟರಿಯಾಗುತ್ತದೆ, ದುರ್ಬಲ ಲೋಹ ಸವೆಯುತ್ತದೆ. ಬಾಂಡಿಂಗ್‌ನಿಂದಾಗಿ ಏಣಿ ತುಕ್ಕು ಹಿಡಿಯಿತು ಎಂದು ದೂರುವವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಅದಕ್ಕೆ ತಂತಿ ಕತ್ತರಿಸುವುದು ಪರಿಹಾರವಲ್ಲ. ಸವೆಯಲೆಂದೇ ಸತುವಿನ ತುಂಡೊಂದನ್ನು ಅದೇ ಬೆಸುಗೆಗೆ ಕಟ್ಟುತ್ತಾರೆ.

ಬಾಂಡಿಂಗ್ ಕೈಚೆಲ್ಲುವ ಕಡೆ

ನೀರೊಳಗಿನ ದೀಪದ ಗಾಜು ಸೀಳಿ ಫೇಸ್ ತಂತಿ ನೀರಿಗೆ ತಾಗಿತು ಎಂದುಕೊಳ್ಳಿ. ಕರೆಂಟು ದೀಪದಿಂದ ಹೊರಟು ನೀರಿನ ಮೂಲಕ ಹತ್ತಿರದ ಬೆಸೆದ ಲೋಹದ ಕಡೆಗೆ ಹರಡುತ್ತದೆ. ದೀಪದ ಹತ್ತಿರ ವೋಲ್ಟೇಜ್ ಹೆಚ್ಚು, ದೂರ ಹೋದಂತೆ ಕಡಿಮೆ: ನೀರೇ ಇಳಿಜಾರಾಯಿತು. ಆ ಇಳಿಜಾರಿನಲ್ಲಿ ಉದ್ದಕ್ಕೆ ಚಾಚಿಕೊಂಡು ಈಜುವವನ ತಲೆಗೂ ಕಾಲಿಗೂ ನಡುವೆ ವ್ಯತ್ಯಾಸ ಬೀಳುತ್ತದೆ. ಲೋಹ ಯಾವುದನ್ನೂ ಮುಟ್ಟಿರಬೇಕಾಗಿಲ್ಲ. ಒಂದು ಮೀಟರ್ ದೂರಕ್ಕೆ ಕೆಲವೇ ವೋಲ್ಟಿನ ಇಳಿಜಾರಿದ್ದರೂ ಕೈಕಾಲು ಆಡದಂತಾಗಬಹುದು, ಮನುಷ್ಯ ಸದ್ದಿಲ್ಲದೆ ಮುಳುಗುತ್ತಾನೆ. ಮೈಮೇಲೆ ಸುಟ್ಟ ಗುರುತೂ ಇರುವುದಿಲ್ಲ. ನೋಡಿದವರಿಗೆ ಬರಿಯ ಮುಳುಗಿದ ಸಾವು. ಉಪ್ಪುನೀರಿಗಿಂತ ಸಿಹಿನೀರು ಈ ವಿಷಯದಲ್ಲಿ ಹೆಚ್ಚು ಅಪಾಯಕಾರಿ. ಸಮುದ್ರದ ನೀರು ಮೈಗಿಂತ ಬಹಳ ಚೆನ್ನಾಗಿ ಕರೆಂಟು ಹರಿಸುವುದರಿಂದ ಹೆಚ್ಚಿನ ಪಾಲು ಮೈಯನ್ನು ಬಳಸಿಕೊಂಡು ಹೋಗುತ್ತದೆ. ಸಿಹಿನೀರಿನಲ್ಲಿ ಮೈಯೇ ಸಲೀಸು ದಾರಿ. ಉಪ್ಪಿನಿಂದ ಕ್ಲೋರಿನ್ ತಯಾರಿಸುವ ಯಂತ್ರವಿರುವ ಕೊಳದವರು ಇದನ್ನು ಓದಿ ನಿರಾಳರಾಗಬೇಡಿ. ಅಂಥ ಕೊಳದ ನೀರಿನಲ್ಲಿರುವ ಉಪ್ಪು ಸಮುದ್ರದ್ದರ ಹತ್ತನೇ ಒಂದು ಭಾಗದಷ್ಟು.

ಇಲ್ಲಿ ಬೇಕಾಗುವುದು ಆರ್‌ಸಿಡಿ, ನಮ್ಮ ಬೋರ್ಡುಗಳಲ್ಲಿ ಆರ್‌ಸಿಸಿಬಿ ಎಂದು ಬರೆದಿರುವ, ಅಮೆರಿಕದವರು ಜಿಎಫ್‌ಸಿಐ ಎನ್ನುವ ಸಾಧನ. ಅದು ಲೆಕ್ಕದ ಗುಮಾಸ್ತ. ಫೇಸ್‌ನಲ್ಲಿ ಹೋದದ್ದು ಎಷ್ಟು, ನ್ಯೂಟ್ರಲ್‌ನಲ್ಲಿ ಬಂದದ್ದು ಎಷ್ಟು ಎಂದು ಸದಾ ತಾಳೆ ನೋಡುತ್ತಿರುತ್ತದೆ. 30 ಮಿಲಿಆಂಪಿಯರ್ ಕಳೆದುಹೋದರೆ ಬಾಗಿಲು ಹಾಕುತ್ತದೆ. ಅಮೆರಿಕದ ಸಾಧನ 4ರಿಂದ 6 ಮಿಲಿಆಂಪಿಯರಿಗೇ ಬೀಳುತ್ತದೆ. ಡಾಲ್ಜೀಲ್ ಅಳೆದ ಹಿಡಿತದ ಅಂಕಿಗಳಿಗಿಂತ ಕೆಳಗಿರಲಿ ಎಂದೇ ಆ ಮಿತಿ, ಮತ್ತು 1960ರ ದಶಕದಲ್ಲಿ ಆ ಸಾಧನವನ್ನು ರೂಪಿಸಿದವರೂ ಅವರೇ. 1968ರಲ್ಲಿ ಅಮೆರಿಕದ ಕೋಡ್ ಅದನ್ನು ಮೊದಲ ಬಾರಿಗೆ ಕಡ್ಡಾಯ ಮಾಡಿದ್ದು ಕೊಳದ ನೀರೊಳಗಿನ ದೀಪಗಳಿಗೆ. ಆದರೆ ಏಣಿಯ 6 ವೋಲ್ಟನ್ನು ಈ ಗುಮಾಸ್ತ ಕಾಣಲಾರ. ಆ ಕರೆಂಟು ಹೊರಗಿನಿಂದ ಅರ್ಥ್ ತಂತಿಯಲ್ಲಿ ಬಂದದ್ದು, ಅವನ ಖಾತೆಯಲ್ಲಿ ದಾಖಲಾಗುವುದೇ ಇಲ್ಲ. ‘ಆರ್‌ಸಿಸಿಬಿ ಇದೆ, ಬಾಂಡಿಂಗ್ ಯಾಕೆ?’ ಎನ್ನುವವರಿಗೆ ಉತ್ತರ ಇಷ್ಟೇ.

ಮತ್ತೊಂದು ಜಾಣತನವೆಂದರೆ ನೀರಿಗೆ ಹೆಚ್ಚು ವೋಲ್ಟೇಜನ್ನು ಬಿಟ್ಟುಕೊಳ್ಳದಿರುವುದು. ಅಂತರರಾಷ್ಟ್ರೀಯ ಐಇಸಿ ಮಾನದಂಡ ಕೊಳವನ್ನು ವಲಯಗಳಾಗಿ ವಿಂಗಡಿಸುತ್ತದೆ. ನೀರಿರುವ ತೊಟ್ಟಿ ಸೊನ್ನೆಯ ವಲಯ. ಅಂಚಿನಿಂದ 2 ಮೀಟರ್ ಆಚೆಯವರೆಗೆ, 2.5 ಮೀಟರ್ ಎತ್ತರದವರೆಗೆ ಒಂದನೆಯದು. ಅಲ್ಲಿಂದ ಇನ್ನೂ 1.5 ಮೀಟರ್ ಎರಡನೆಯದು. ಜನ ಈಜುವಾಗ ತೊಟ್ಟಿಯೊಳಗೆ ಬಳಸುವ ದೀಪ 12 ವೋಲ್ಟ್ ಎಸಿ ಅಥವಾ 30 ವೋಲ್ಟ್ ಡಿಸಿ ಮೀರಬಾರದು, ಅದನ್ನು ಕೊಡುವ ಸುರಕ್ಷತಾ ಟ್ರಾನ್ಸ್‌ಫಾರ್ಮರ್ ಈ ವಲಯಗಳ ಹೊರಗಿರಬೇಕು. ಎಕ್ಸ್‌ಟೆನ್ಶನ್ ಬಾಕ್ಸ್ ಎಳೆದು ತಂದು ಕೊಳದಂಚಿನಲ್ಲಿ ಸ್ಪೀಕರ್ ಹಚ್ಚುವವರಿಗೆ ಈ ವಲಯಗಳ ನಕ್ಷೆ ತೋರಿಸಬೇಕು ಅನ್ನಿಸುತ್ತದೆ.

ನಿಮ್ಮ ಕೈಯಲ್ಲಿರುವುದು

ಕಟ್ಟುವ ಹಂತದಲ್ಲಿದ್ದರೆ, ಕಾಂಕ್ರೀಟ್ ಬೀಳುವ ಮುಂಚೆ ಜಾಲರಿಯ, ಪ್ರತಿ ಹಿಡಿಕೆಯ ಫೋಟೋ ತೆಗೆದಿಡಿ. ಮುಂದೆ ಯಾರೂ ಅದನ್ನು ಕಣ್ಣಾರೆ ಕಾಣಲಾರರು. ಹಳೆಯ ಕೊಳವಾದರೆ ಈ ಕೆಲಸ ಬಲ್ಲ ಎಲೆಕ್ಟ್ರಿಷಿಯನ್‌ನಿಂದ ಎರಡು ಅಳತೆ ಮಾಡಿಸಿ: ಲೋಹದ ಭಾಗಗಳ ನಡುವಿನ ರೋಧ, ಮತ್ತು ನೀರಿಗೂ ಅಂಚಿನ ಒದ್ದೆ ನೆಲಕ್ಕೂ ನಡುವಿನ ವೋಲ್ಟೇಜು. ಎರಡನೆಯದನ್ನು ಮೇನ್ ಹಾಕಿ ಒಮ್ಮೆ, ಆರಿಸಿ ಒಮ್ಮೆ ನೋಡಬೇಕು. ಆರಿಸಿದಾಗ ಮಾಯವಾದರೆ ಮೊದಲ ಅನುಮಾನ ಮನೆಯೊಳಗಿನ ದೋಷದ ಮೇಲೆ. ಉಳಿದರೆ ಹೊರಗಿನ ನ್ಯೂಟ್ರಲ್ ಮೇಲೆ ಅನುಮಾನ, ವಿದ್ಯುತ್ ಪೂರೈಸುವವರಿಗೆ ತಿಳಿಸಬೇಕು. ನ್ಯೂಟ್ರಲ್ ಎಲ್ಲೋ ಸಡಿಲವಾಗಿದ್ದರೆ ಇಂದಿನ 6 ವೋಲ್ಟ್ ನಾಳೆ ನೂರು ದಾಟಬಹುದು, ಆದ್ದರಿಂದ ತಡಮಾಡಬೇಡಿ. ಆರ್‌ಸಿಸಿಬಿಯ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ. ಕೊಳ ಗುಡಿಸುವ ಉದ್ದನೆಯ ಅಲ್ಯೂಮಿನಿಯಂ ಕೋಲನ್ನು ಎತ್ತುವ ಮುಂಚೆ ತಲೆಯ ಮೇಲೆ ತಂತಿ ಹಾದಿದೆಯೇ ನೋಡಿ.

ನೀರಿನಲ್ಲಿದ್ದಾಗ ಯಾರಿಗಾದರೂ ಜುಮ್ ಅನ್ನಿಸಿದರೆ ಎಲ್ಲರೂ ಹೊರಗೆ ಬರಬೇಕು, ಲೋಹದ ಏಣಿ ಹಿಡಿಯದೆ, ಜುಮ್ ಅನ್ನಿಸಿದ ಜಾಗದಿಂದ ದೂರದ ಅಂಚಿನಿಂದ. ಕೈಕಾಲು ಆಡದೆ ಒದ್ದಾಡುತ್ತಿರುವವನನ್ನು ಕಂಡರೆ ಜಿಗಿಯಬೇಡಿ. ಜಿಗಿದವನೂ ಅದೇ ಇಳಿಜಾರಿಗೆ ಬೀಳುತ್ತಾನೆ. ಮೊದಲು ಮೇನ್ ಆರಿಸಿ, ಪ್ಲಾಸ್ಟಿಕ್ ಅಥವಾ ಮರದ ಕೋಲು, ತೇಲುವ ಬಳೆ ಏನಿದೆಯೋ ಅದನ್ನು ಚಾಚಿ ಎಳೆದುಕೊಳ್ಳಿ, ಆಂಬ್ಯುಲೆನ್ಸ್ ಕರೆಯಿರಿ, ಉಸಿರಿಲ್ಲದಿದ್ದರೆ ಕೃತಕ ಉಸಿರು ಮತ್ತು ಎದೆಯೊತ್ತುವಿಕೆ ಶುರುಮಾಡಿ. ಮೇನ್ ಎಲ್ಲಿದೆ ಎಂಬುದು ಮನೆಯ ಮಕ್ಕಳಿಗೂ ಗೊತ್ತಿರಲಿ.

ಕೊನೆಯದಾಗಿ ಒಂದು ತಂತಿಯ ವಿಷಯ. ಬೆಸುಗೆ ತಪ್ಪಿಹೋಗುವುದು ಹೆಚ್ಚಾಗಿ ಪಂಪ್ ಬದಲಾಯಿಸಿದ ದಿನ. ಹೊಸ ಪಂಪಿನ ಫೇಸು, ನ್ಯೂಟ್ರಲ್ಲು, ಅರ್ಥು ಕೂರಿಸಿ, ನೀರು ಓಡಿದ ಕೂಡಲೇ ಕೆಲಸ ಮುಗಿಯಿತೆಂದು ಹೊರಡುತ್ತಾರೆ. ಹೊರಮೈಯಲ್ಲಿರುವ ಬಾಂಡಿಂಗ್ ತಿರುಪು ಖಾಲಿ ಉಳಿದಿರುತ್ತದೆ, ಅದಕ್ಕೆ ಬಿಗಿಯಬೇಕಾದ ಬರಿಯ ತಾಮ್ರದ ತಂತಿ ಪಕ್ಕದಲ್ಲೇ ನೆಲದಿಂದ ತಲೆಯೆತ್ತಿ ನಿಂತಿರುತ್ತದೆ. ಎರಡು ಪದರ ನಿರೋಧಕವಿರುವ ಪಂಪಾಗಿದ್ದರೆ ಆ ತಿರುಪು ಇರುವುದೇ ಇಲ್ಲ. ಆಗಲೂ ಆ ತಂತಿಯನ್ನು ಪಂಪಿನ ಬಳಿಯೇ, ಎಟುಕುವಷ್ಟು ಉದ್ದ ಬಿಟ್ಟು, ಸುರುಳಿ ಸುತ್ತಿ ಇಡಬೇಕು. ಮುಂದೊಂದು ದಿನ ಬೇರೆ ಬಗೆಯ ಪಂಪ್ ಬರಬಹುದು, ಅದಕ್ಕೆ ಬೇಕಾಗುತ್ತದೆ. ಯಾರೋ ಮರೆತು ಬಿಟ್ಟುಹೋದ ತುಂಡೆಂದು ಕತ್ತರಿಸಬೇಡಿ.